ಐದು ಜನರ ಮನೆ, ಮೂರು ಡೋಸಿನ ದುಡ್ಡು: ವಡಗಾವಿಯ ಒಂದು ಫ್ಲೂ ಲಸಿಕೆ ಪ್ರಕರಣ

ಬೆಳಗಾವಿಯ ವಡಗಾವಿಯಲ್ಲಿ ಮನೆಯ ಮುಂದಿನ ಕೋಣೆಯಲ್ಲೇ ಪವರ್‌ಲೂಮ್ ಮಗ್ಗ ಇಟ್ಟುಕೊಂಡ ನೇಕಾರರು ಬಹಳ ಜನ. ಅಂಥ ಒಂದು ಮನೆಯವರು 2025ರ ಮೇ ತಿಂಗಳಲ್ಲಿ ಒಂದು ಪ್ರಶ್ನೆ ಹಿಡಿದು ನಮ್ಮ ಕ್ಲಿನಿಕ್ಕಿಗೆ ಬಂದರು. ವರ್ಷಕ್ಕೊಮ್ಮೆ ಮಾಡಿಸುವ ಫ್ಲೂ ಸೂಜಿ ನಮಗೆ ಬೇಕೋ ಬೇಡವೋ?

ನಾನು ಅಲ್ಲಿ ನರ್ಸ್. ಲಸಿಕೆ ಫ್ರಿಜ್ಜಿನ ಜವಾಬ್ದಾರಿ ನನ್ನದು. ಮನೆಯವರನ್ನು ಕೇಳಿ, ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿ ಇದನ್ನು ಬರೆಯುತ್ತಿದ್ದೇನೆ. ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ: ನಮ್ಮ ಕ್ಲಿನಿಕ್ಕಿನಲ್ಲಿ ಈ ಲಸಿಕೆಯನ್ನು ದುಡ್ಡಿಗೆ ಕೊಡುತ್ತಾರೆ. ನನ್ನ ಸಂಬಳವೂ ಅಲ್ಲಿಂದಲೇ ಬರುತ್ತದೆ. ಇದು ಗೊತ್ತಿದ್ದೇ ಮುಂದೆ ಓದಿ.

ಮನೆಯಲ್ಲಿ ಐದು ಜನ. ಅಜ್ಜನಿಗೆ 68 ವರ್ಷ. ಹದಿನೈದು ವರ್ಷದಿಂದ ಶುಗರ್, ಜೊತೆಗೆ ದಮ್ಮು. ಹತ್ತಿಯ ಧೂಳಿನಲ್ಲಿ ಇಡೀ ಆಯುಷ್ಯ ಕಳೆದವರು, ಬೀಡಿ ಬಿಟ್ಟು ಆರು ವರ್ಷವಾಗಿದೆ. ಅಜ್ಜಿಗೆ 62, ಬಿಪಿ ಗುಳಿಗೆ ತೆಗೆದುಕೊಳ್ಳುತ್ತಾರೆ. ಮಗನಿಗೆ 39, ಆರೋಗ್ಯವಾಗಿದ್ದಾನೆ. ಮಗ್ಗ ನೋಡಿಕೊಳ್ಳುವವನೂ ಅವನೇ, ಸೀರೆ ಗಂಟು ಹೊತ್ತು ಬಸ್ಸಿನಲ್ಲಿ ಕೊಲ್ಹಾಪುರ, ಹುಬ್ಬಳ್ಳಿ ತಿರುಗುವವನೂ ಅವನೇ. ಸೊಸೆಗೆ ಆಗ ಏಳು ತಿಂಗಳು. ಮೂರೂವರೆ ವರ್ಷದ ಮೊಮ್ಮಗ ಅಂಗನವಾಡಿಗೆ ಹೋಗುತ್ತಿದ್ದ.

ಹಿಂದಿನ ಮಳೆಗಾಲದಲ್ಲಿ ಆದದ್ದನ್ನು ತಿಳಿಯದೆ ಈ ಪ್ರಶ್ನೆಯ ತೂಕ ಗೊತ್ತಾಗುವುದಿಲ್ಲ. 2024ರ ಆಗಸ್ಟ್‌ನಲ್ಲಿ ಅಜ್ಜನಿಗೆ ಜ್ವರ, ಮೈಕೈ ನೋವು, ಒಣ ಕೆಮ್ಮು ಶುರುವಾಯಿತು. ಮೊದಲ ನಾಲ್ಕೈದು ದಿನ ಮೆಡಿಕಲ್ ಶಾಪಿನ ಗುಳಿಗೆಯಲ್ಲೇ ಕಳೆದರು. ಮಳೆಗಾಲದ ನೆಗಡಿ, ಹೋಗುತ್ತದೆ ಅಂದುಕೊಂಡರು. ಆಮೇಲೆ ಉಸಿರು ಸಾಲದಂತಾಯಿತು. ಆಸ್ಪತ್ರೆಗೆ ಸೇರಿಸಿದಾಗ ಗಂಟಲಿನ ಪರೀಕ್ಷೆಯಲ್ಲಿ ಇನ್ಫ್ಲುಯೆಂಜಾ ಎ, ಅಂದರೆ ಫ್ಲೂ ಅಂತ ಬಂತು. ಎಕ್ಸ್‌ರೇಯಲ್ಲಿ ನ್ಯುಮೋನಿಯಾ. ಶುಗರ್ ಮುನ್ನೂರು ದಾಟಿತ್ತು. ಒಂಬತ್ತು ದಿನ ಆಸ್ಪತ್ರೆ, ಎಂಬತ್ತು ಸಾವಿರದ ಹತ್ತಿರ ಬಿಲ್ಲು. ಎರಡು ಮಗ್ಗದ ಮೇಲೆ ಸಾಲ ತೆಗೆದರು.

ಹಾಗಾಗಿ ಮೇ ತಿಂಗಳಲ್ಲಿ ಡಾಕ್ಟರು "ಮಳೆ ಶುರುವಾಗೋ ಮೊದಲು ಫ್ಲೂ ಲಸಿಕೆ ಹಾಕಿಸಿ" ಅಂದಾಗ ಮಗ ತಕ್ಷಣ ತಲೆಯಾಡಿಸಿದ. ಬೆಲೆ ಕೇಳಿ ಸುಮ್ಮನಾದ. ಒಂದು ಡೋಸಿಗೆ 1,800 ರೂಪಾಯಿ. ಸಾಲದ ಕಂತು ಇನ್ನೂ ಮುಗಿದಿರಲಿಲ್ಲ. ಸೊಸೆಯ ಹೆರಿಗೆ ಹತ್ತಿರ ಬಂದಿತ್ತು. "ಐದು ಸಾವಿರದ ಮ್ಯಾಲ ಒಂದಿಷ್ಟು ಆಗತೈತ್ರಿ. ಅಷ್ಟರಾಗ ಯಾರ್‍ಯಾರಿಗೆ ಮಾಡಸ್ಲಿ ಹೇಳ್ರಿ" ಅಂದ.

ಇಡೀ ಪ್ರಕರಣದಲ್ಲಿ ನನಗೆ ಮುಖ್ಯ ಅನಿಸಿದ್ದು ಇದೇ. ಫ್ಲೂ ಲಸಿಕೆ ಒಳ್ಳೆಯದೋ ಕೆಟ್ಟದ್ದೋ ಅಂತ ಜನ ಜಗಳ ಆಡುತ್ತಾರೆ. ಮನೆಗಳಲ್ಲಿ ನಿಜವಾಗಿ ಎದುರಾಗುವ ಪ್ರಶ್ನೆ ಬೇರೆ: ಈ ಮನೆಯಲ್ಲಿ ಯಾರಿಗೆ ಮೊದಲು, ಯಾವ ತಿಂಗಳಲ್ಲಿ, ಇರುವ ದುಡ್ಡಿನಲ್ಲಿ ಎಷ್ಟು? ಸರ್ಕಾರ ಮಕ್ಕಳಿಗೆ ಪುಕ್ಕಟೆ ಕೊಡುವ ಲಸಿಕೆಗಳ ಪಟ್ಟಿಯಲ್ಲಿ ಫ್ಲೂ ಇಲ್ಲ. ಹೀಗಾಗಿ ನಮ್ಮಂಥವರಿಗೆ ಇದು ಆರೋಗ್ಯದ ಲೆಕ್ಕ ಎಷ್ಟೋ ಸಂಸಾರದ ಲೆಕ್ಕವೂ ಅಷ್ಟೇ.

ಅಜ್ಜನ ಮೂರು ಆಕ್ಷೇಪ

ಯಾರಿಗೆ ಲಸಿಕೆ ಎಲ್ಲರಿಗಿಂತ ಜಾಸ್ತಿ ಬೇಕಿತ್ತೋ ಅವರೇ ಬೇಡ ಅನ್ನುತ್ತಿದ್ದರು. ಅಜ್ಜನ ಮೊದಲ ಮಾತು: "ಕೋವಿಡ್ ಸೂಜಿ ಎರಡ ಆಗ್ಯಾವ. ಮತ್ತ ಇದೆಂಥಾದ್ರಿ?"

ತಪ್ಪು ಪ್ರಶ್ನೆಯೇನಲ್ಲ. ಎರಡೂ ಉಸಿರಿನಿಂದ ಹರಡುವ ರೋಗ, ಎರಡಕ್ಕೂ ಜ್ವರ ಕೆಮ್ಮು. ಆದರೆ ವೈರಸ್ಸು ಬೇರೆ ಬೇರೆ. ಕೋವಿಡ್ ಲಸಿಕೆ ಫ್ಲೂ ತಡೆಯುವುದಿಲ್ಲ, ಇದು ಅದನ್ನು ತಡೆಯುವುದಿಲ್ಲ. ಅಷ್ಟು ಹೇಳಿದ್ದಕ್ಕೆ ಅವರು ಒಪ್ಪಿದರು.

ಎರಡನೆಯದು ಸ್ವಲ್ಪ ಗಟ್ಟಿಯಾಗಿತ್ತು. "ಆತು, ಮಾಡಸ್ಕೋತೀನಿ. ವರ್ಸಾ ವರ್ಸಾ ಯಾಕ? ಸಿಡಬಿನ ಸೂಜಿ ಸಣ್ಣಾಂವ ಇದ್ದಾಗ ಮಾಡಸ್ಯಾರ, ಇನ್ನೂ ತೋಳಮ್ಯಾಲ ಗುರ್ತ ಐತಿ. ಅದು ಒಂದ ಸಲಾ ಮಾಡಿದ್ರ ಮುಗೀತಲ್ಲ?"

ಬೆಳಗಾವಿಯವರು ಸಿಡುಬಿನ ಲಸಿಕೆಯ ಮಾತು ತೆಗೆದರೆ ನನಗೆ ಖುಷಿ. ಟಿಳಕವಾಡಿಯ ವ್ಯಾಕ್ಸಿನ್ ಡಿಪೋ ಮೈದಾನದಲ್ಲಿ ಈಗ ಹುಡುಗರು ಕ್ರಿಕೆಟ್ ಆಡುತ್ತಾರೆ, ವಾಕಿಂಗಿಗೆ ಹೋಗುವವರು ಮರದ ಕೆಳಗೆ ಕೂರುತ್ತಾರೆ. ಬ್ರಿಟಿಷರ ಕಾಲದಿಂದ ಸಿಡುಬಿನ ಲಸಿಕೆ ತಯಾರಾಗುತ್ತಿದ್ದ ಜಾಗ ಅದು. ಅಲ್ಲಿಂದ ಬಂದ ಲಸಿಕೆಯೇ ಅಜ್ಜನ ತೋಳಿನ ಮೇಲಿದ್ದರೂ ಇರಬಹುದು. ಸಿಡುಬಿನ ವೈರಸ್ಸು ಬಹಳ ನಿಧಾನಕ್ಕೆ ಬದಲಾಗುತ್ತಿತ್ತು, ಅದನ್ನು ಪ್ರಪಂಚದಿಂದಲೇ ಅಳಿಸಿಹಾಕಲು ಆದದ್ದಕ್ಕೆ ಅದೂ ಒಂದು ಕಾರಣ. ಫ್ಲೂ ಹಾಗಲ್ಲ. ಅದರ ಮೇಲ್ಮೈ ವರ್ಷ ವರ್ಷ ಸ್ವಲ್ಪ ಸ್ವಲ್ಪ ಬದಲಾಗುತ್ತದೆ. ಹೋದ ವರ್ಷ ಗುರುತು ಹಿಡಿದ ನಮ್ಮ ಮೈಯ ಕಾವಲು ಈ ವರ್ಷ ಗುರುತು ಹಿಡಿಯದೇ ಹೋಗಬಹುದು. ಜೊತೆಗೆ ಲಸಿಕೆಯಿಂದ ಬಂದ ಶಕ್ತಿಯೂ ಕೆಲವು ತಿಂಗಳಲ್ಲಿ ಇಳಿಯುತ್ತಾ ಹೋಗುತ್ತದೆ.

ನಾನು ಹೀಗೆ ಹೇಳುತ್ತಿದ್ದಾಗ ಅಜ್ಜ ತಾವೇ ಅದನ್ನು ತಮ್ಮ ಕೆಲಸಕ್ಕೆ ಹೊಂದಿಸಿದರು. "ಅಂದ್ರ ನಮ್ಮ ಜಕಾರ್ಡಿನ ರಟ್ಟಿನ ಹಂಗ ಅನ್ರಿ. ನಾಕ ರಟ್ಟ ಬದಲ್ ಮಾಡಿದ್ರ ಸೆರಗಿನ ಡಿಸೈನ್ ಬ್ಯಾರೆ ಆಕ್ಕೈತಿ. ಸೀರಿ ಅದ, ನೂಲ ಅದ." ಜಕಾರ್ಡ್ ಅಂದರೆ ತೂತು ಹೊಡೆದ ರಟ್ಟುಗಳಿಂದ ಸೀರೆಯ ಡಿಸೈನ್ ಮೂಡಿಸುವ ಮಗ್ಗದ ಸಾಧನ. ಇದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ.

ಆ ರಟ್ಟು ಯಾವುದು ಬದಲಾಯಿತು ಅನ್ನುವುದನ್ನು ಡಬ್ಬಿಯ ಮೇಲೆಯೇ ಓದಬಹುದು. ಫ್ರಿಜ್ಜಿನಿಂದ ಡಬ್ಬಿ ತೆಗೆದು ತೋರಿಸಿದೆ. ವಿಶ್ವ ಆರೋಗ್ಯ ಸಂಸ್ಥೆ ವರ್ಷಕ್ಕೆ ಎರಡು ಸಲ ಕೂತು ಯಾವ ತಳಿಗಳನ್ನು ಲಸಿಕೆಗೆ ಹಾಕಬೇಕು ಅಂತ ಹೇಳುತ್ತದೆ. ಫೆಬ್ರವರಿಯಲ್ಲಿ ಉತ್ತರ ಗೋಳಾರ್ಧಕ್ಕೆ, ಸೆಪ್ಟೆಂಬರ್‌ನಲ್ಲಿ ದಕ್ಷಿಣ ಗೋಳಾರ್ಧಕ್ಕೆ. 2024-25ರ ಉತ್ತರದ ಲಸಿಕೆಯಲ್ಲಿ ಎಚ್3ಎನ್2 ಅನ್ನುವ ಫ್ಲೂ ಜಾತಿಗೆ ಹಾಕಿದ್ದು ಎ/ಥಾಯ್ಲೆಂಡ್/8/2022. 2025ರ ದಕ್ಷಿಣದ ಲಸಿಕೆಯಲ್ಲಿ ಅದನ್ನು ತೆಗೆದು ಎ/ಕ್ರೊಯೇಷಿಯಾ/10136ಆರ್‌ವಿ/2023 ಹಾಕಿದರು. ಈ ಹೆಸರು ಓದುವುದು ಹೀಗೆ: ಮೊದಲು ಫ್ಲೂ ಎ ಅಥವಾ ಬಿ ಅನ್ನುವ ಬಗೆ, ಆಮೇಲೆ ವೈರಸ್ಸು ಸಿಕ್ಕ ಊರು ಅಥವಾ ದೇಶ, ಆಮೇಲೆ ನಂಬರು, ಕೊನೆಗೆ ವರ್ಷ. ಲಸಿಕೆಯಲ್ಲಿರುವ ಉಳಿದೆರಡು, ಅಂದರೆ ಎಚ್1ಎನ್1 ಮತ್ತು ಬಿ ವಿಕ್ಟೋರಿಯಾ ತಳಿ, ಎರಡೂ ಡಬ್ಬಿಯಲ್ಲಿ ಹಾಗೇ ಇದ್ದವು.

ನಮ್ಮ ಬೆಳಗಾವಿ ಭೂಗೋಳದಲ್ಲಿ ಇರುವುದು ಉತ್ತರದಲ್ಲೇ. ಆದರೆ ಫ್ಲೂ ನೋಡುವುದು ಅಕ್ಷಾಂಶವನ್ನಲ್ಲ, ಹವೆಯನ್ನು. ಭಾರತದ ಬೇರೆ ಬೇರೆ ಊರುಗಳಲ್ಲಿ ಮಾಡಿದ ಅಧ್ಯಯನದಲ್ಲಿ ಶ್ರೀನಗರದಲ್ಲಿ ಜನವರಿಯಿಂದ ಮಾರ್ಚ್‌ವರೆಗೆ ಫ್ಲೂ ಏರುತ್ತಿತ್ತು. ಪುಣೆ, ನಾಗಪುರ, ದೆಹಲಿ ಕಡೆ ಜುಲೈಯಿಂದ ಸೆಪ್ಟೆಂಬರ್. ಚೆನ್ನೈ, ವೆಲ್ಲೂರಿನಲ್ಲಿ ಅಕ್ಟೋಬರ್, ನವೆಂಬರ್. ನಮ್ಮ ಮಳೆ ಪುಣೆಯ ಮಳೆಯ ದಾರಿಯದೇ, ನಮ್ಮಲ್ಲೂ ಜ್ವರದ ಸಾಲು ಶುರುವಾಗುವುದು ಮಳೆ ಹಿಡಿದ ಮೇಲೆ. ಹಾಗಾಗಿ ಇಲ್ಲಿಯವರಿಗೆ ಹೊಂದುವುದು ದಕ್ಷಿಣ ಗೋಳಾರ್ಧದ ಹೊಸ ಲಸಿಕೆ, ಹೊಂದುವ ಸಮಯ ಏಪ್ರಿಲ್ ಕೊನೆಯಿಂದ ಜೂನ್ ಮೊದಲ ವಾರ. ಸೂಜಿ ಮಾಡಿಸಿದ ಮೇಲೆ ಮೈಯಲ್ಲಿ ಶಕ್ತಿ ಬರಲು ಎರಡು ವಾರ ಬೇಕು. ವಡಗಾವಿಯಲ್ಲಿ ಜುಲೈಯಲ್ಲಿ ಮಂಗಾಯಿ ದೇವಿ ಜಾತ್ರೆ, ಮನೆ ತುಂಬ ನೆಂಟರು. ಅದಾದ ಮೇಲೆ ಗಣಪತಿ. ಅದಕ್ಕೆ ಮೊದಲೇ ಮುಗಿಸಬೇಕು.

ಎಲ್ಲರಿಗೂ ಒಂದು ಮಾತು: ಮೇ ತಿಂಗಳಲ್ಲಿ ಕೆಲವು ಕಡೆ ಹಿಂದಿನ ಉತ್ತರದ ಸ್ಟಾಕ್ ಉಳಿದಿರುತ್ತದೆ, ಅದರ ಎಕ್ಸ್‌ಪೈರಿಯೂ ಹತ್ತಿರ ಇರುತ್ತದೆ. ಡಬ್ಬಿ ಕೇಳಿ ತೆಗೆದುಕೊಂಡು, ಮೇಲೆ ಯಾವ ವರ್ಷ ಅಂತ ಬರೆದಿದೆ ಓದಿ. ಕೇಳಿದರೆ ಬೇಸರ ಮಾಡಿಕೊಳ್ಳುವ ಕ್ಲಿನಿಕ್ ಆದರೆ ಬೇರೆ ಕಡೆ ಹೋಗಿ. "ನಾಲ್ಕು ತಳಿಯದು, ಅದಕ್ಕೇ ಜಾಸ್ತಿ ರೇಟು" ಅಂದರೂ ಮರುಳಾಗಬೇಡಿ. ಆ ನಾಲ್ಕನೆಯ ಬಿ ಯಮಗಾಟಾ ತಳಿ 2020ರ ಮಾರ್ಚ್ ನಂತರ ಜಗತ್ತಿನಲ್ಲಿ ಎಲ್ಲೂ ಖಚಿತವಾಗಿ ಕಂಡಿಲ್ಲ. ಮೂರು ತಳಿಯದೇ ಸಾಕು ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ. ಇದ್ದರೆ ಕೆಡುಕೇನಿಲ್ಲ, ಅದಕ್ಕಂತ ಹೆಚ್ಚು ದುಡ್ಡು ಕೊಡಬೇಕಾಗಿಲ್ಲ.

ಅಜ್ಜನ ಮೂರನೆಯ ಆಕ್ಷೇಪ ಅವರದಾಗಿರಲಿಲ್ಲ. ಅವರ ಅಣ್ಣನ ಮೊಮ್ಮಗ, ಇಂಜಿನಿಯರಿಂಗ್ ಓದುವ ಹುಡುಗ, ಮೊಬೈಲಿನಲ್ಲಿ ಏನೋ ಓದಿ ಹೇಳಿದ್ದ: ಫ್ಲೂ ಸೂಜಿಯಿಂದಲೇ ಫ್ಲೂ ಬರುತ್ತದೆ, ಕೈಕಾಲು ಬಿದ್ದುಹೋಗುತ್ತವೆ. ಹುಡುಗನೂ ಜೊತೆಗೆ ಬಂದಿದ್ದ. ಅವನನ್ನು ಬೈದು ಕಳಿಸುವುದು ಸುಲಭ. ಆದರೆ ಅವನು ಅಜ್ಜನ ಮೇಲಿನ ಕಾಳಜಿಯಿಂದಲೇ ಕೇಳಿದ್ದ, ಹಾಗಾಗಿ ಸರಿಯಾದ ಉತ್ತರ ಕೊಡಬೇಕಿತ್ತು.

ಮೊದಲ ಭಾಗ ಸುಳ್ಳು. ಇಲ್ಲಿ ಕೊಡುವ ಸೂಜಿಯಲ್ಲಿ ಇರುವುದು ಸತ್ತ ವೈರಸ್ಸಿನ ಚೂರುಗಳು, ಅದು ರೋಗ ತರಲಾರದು. ಒಂದೆರಡು ದಿನ ತೋಳು ನೋವು, ಮೈ ಬಿಸಿ ಆಗಬಹುದು. ಎರಡು ವಾರದೊಳಗೆ ಬೇರೆ ನೆಗಡಿ ತಗುಲಿದರೂ ಜನ ಸೂಜಿಯನ್ನೇ ದೂರುತ್ತಾರೆ.

ಎರಡನೆಯ ಭಾಗಕ್ಕೆ ಒಂದು ಹಿನ್ನೆಲೆ ಇದೆ. 1976ರಲ್ಲಿ ಅಮೆರಿಕದಲ್ಲಿ ಹಂದಿ ಜ್ವರದ ಭಯಕ್ಕೆ ಸುಮಾರು ನಾಲ್ಕೂವರೆ ಕೋಟಿ ಜನರಿಗೆ ತರಾತುರಿಯಲ್ಲಿ ಲಸಿಕೆ ಹಾಕಿದರು. ಗಿಲಾನ್ ಬಾರೆ ಅನ್ನುವ, ಕೈಕಾಲು ಸೋಲಿಸುವ ನರದ ಕಾಯಿಲೆ ಲಕ್ಷಕ್ಕೆ ಸುಮಾರು ಒಬ್ಬರಂತೆ ಹೆಚ್ಚಾಗಿ ಕಂಡಿತು, ಅಭಿಯಾನ ನಿಲ್ಲಿಸಿದರು. ಈಗಿನ ಲಸಿಕೆಗಳಲ್ಲಿ ಅಂಥ ಹೆಚ್ಚಳ ಏನಾದರೂ ಇದ್ದರೆ ಹತ್ತು ಲಕ್ಷಕ್ಕೆ ಒಂದೋ ಎರಡೋ. ಫ್ಲೂ ರೋಗವೇ ಬಂದರೆ ಅದೇ ನರದ ಕಾಯಿಲೆ ಬರುವ ಸಾಧ್ಯತೆ ಇದಕ್ಕಿಂತ ಜಾಸ್ತಿ. ಹುಡುಗ ಸುಮ್ಮನೆ ಕೇಳಿಸಿಕೊಂಡ. "ಅಜ್ಜಗ ಮೊದಲ ಯಾವಾಗರೆ ಹಂಗ ಆಗಿದ್ರ?" ಅಂತ ಕೇಳಿದ. ಒಳ್ಳೆಯ ಪ್ರಶ್ನೆ. ಫ್ಲೂ ಲಸಿಕೆ ಹಾಕಿಸಿದ ಆರು ವಾರದೊಳಗೆ ಹಾಗಾದ ಚರಿತ್ರೆ ಇದ್ದರೆ, ಹಿಂದಿನ ಡೋಸಿಗೆ ಭಾರಿ ಅಲರ್ಜಿ ಆಗಿದ್ದರೆ ಡಾಕ್ಟರ ಹತ್ತಿರ ಮಾತಾಡದೆ ಮಾಡಿಸಬಾರದು. ಅಜ್ಜನಿಗೆ ಅಂಥದ್ದೇನೂ ಇರಲಿಲ್ಲ.

ಲಸಿಕೆ ಏನು ಕೊಡುತ್ತದೆ, ಏನು ಕೊಡುವುದಿಲ್ಲ

ಮಗ ನೇರವಾಗಿ ಕೇಳಿದ: "1,800 ಕೊಟ್ರ ಜ್ವರ ಬರೂದ ಇಲ್ಲೇನ್ರಿ?"

ಬರಬಹುದು ಅಂದೆ. ಈ ಮಾತು ಮುಚ್ಚಿಡುವ ನಮ್ಮಂಥವರಿಂದಲೇ ಜನಕ್ಕೆ ಲಸಿಕೆ ಮೇಲೆ ನಂಬಿಕೆ ಹೋಗುವುದು. ತಳಿ ಚೆನ್ನಾಗಿ ಹೊಂದಿದ ವರ್ಷದಲ್ಲಿ, ಡಾಕ್ಟರ ಹತ್ತಿರ ಓಡುವಂಥ ಫ್ಲೂ ಬರುವ ಸಾಧ್ಯತೆ ಶೇಕಡ 40ರಿಂದ 60ರಷ್ಟು ಕಡಿಮೆಯಾಗುತ್ತದೆ. ಹೊಂದದ ವರ್ಷದಲ್ಲಿ ಅದಕ್ಕಿಂತ ಕಡಿಮೆ. ವಯಸ್ಸಾದವರಲ್ಲಿ ಇನ್ನೂ ಕಡಿಮೆ. ಮಳೆಗಾಲದ ಎಲ್ಲ ನೆಗಡಿ ಕೆಮ್ಮೂ ಫ್ಲೂ ಅಲ್ಲ, ಉಳಿದವಕ್ಕೆ ಈ ಸೂಜಿ ಏನೂ ಮಾಡುವುದಿಲ್ಲ. ಆದರೆ ಅಜ್ಜನಂಥವರಿಗೆ ಬೇಕಾದದ್ದು ಜ್ವರವೇ ಬಾರದಿರಲಿ ಅನ್ನುವ ಗ್ಯಾರಂಟಿ ಅಲ್ಲ. ಆಸ್ಪತ್ರೆ ಮೆಟ್ಟಿಲು ಹತ್ತುವ ಸಾಧ್ಯತೆ ಕಡಿಮೆಯಾಗಲಿ ಅನ್ನುವುದು. ಅದನ್ನು ಲಸಿಕೆ ಮಾಡುತ್ತದೆ.

ಶುಗರ್ ಇರುವವರು ಇನ್ನೊಂದು ವಿಷಯ ತಿಳಿದಿರಬೇಕು. ಫ್ಲೂ ಶ್ವಾಸಕೋಶದಲ್ಲೇ ನಿಲ್ಲುವುದಿಲ್ಲ. ಕೆನಡಾದ ಒಂಟಾರಿಯೊದಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಫ್ಲೂ ಖಚಿತವಾದ ನಂತರದ ಏಳು ದಿನಗಳಲ್ಲಿ ಹೃದಯಾಘಾತ ಸುಮಾರು ಆರು ಪಟ್ಟು ಹೆಚ್ಚಾಗಿತ್ತು. ಹದಿನೈದು ವರ್ಷ ಶುಗರ್ ಇರುವ, ಬೀಡಿ ಸೇದಿದ ಮನುಷ್ಯನಿಗೆ ಇದು ದೂರದ ಮಾತಲ್ಲ.

ಐದು ಹೆಸರು, ಮೂರು ಡೋಸು

ಮಾರನೆಯ ದಿನ ನಾನೇ ಅವರ ಮನೆಗೆ ಹೋದೆ. ಆ ಮನೆ ನೋಡದೆ ಯಾರಿಗೆ ಮೊದಲು ಅಂತ ಹೇಳಲಾಗುತ್ತಿರಲಿಲ್ಲ.

ಮುಂದಿನ ಕೋಣೆಯಲ್ಲಿ ನಾಲ್ಕು ಮಗ್ಗ ಒಟ್ಟಿಗೆ ಓಡುತ್ತಿದ್ದವು. ಪಕ್ಕದಲ್ಲಿ ನಿಂತವರ ಮಾತೂ ಕೇಳದು. ಹಾಗಾಗಿ ಅಲ್ಲಿ ಯಾರಾದರೂ ಮಾತಾಡಬೇಕಾದರೆ ಒಬ್ಬರ ಕಿವಿಯ ಹತ್ತಿರ ಬಾಯಿ ತಂದು ಜೋರಾಗಿ ಕೂಗುತ್ತಾರೆ. ಕೂಲಿಗೆ ಬರುವ ಹುಡುಗ ನೂಲು ಕಡಿದಾಗ ಅಜ್ಜನ ಕಿವಿಯಲ್ಲಿ ಕೂಗಿದ, ಅಜ್ಜ ಅವನ ಕಿವಿಯಲ್ಲಿ ಕೂಗಿದರು. ದಿನಕ್ಕೆ ಎಷ್ಟು ಸಲ ಹೀಗೆ ನಡೆಯುತ್ತದೋ. ಮಳೆಗಾಲದಲ್ಲಿ ನೂಲು ಹಸಿಯಾಗಬಾರದು ಅಂತ ಕಿಟಕಿ ಬೇರೆ ಮುಚ್ಚುತ್ತಾರೆ. ಉಸಿರಿನಿಂದ ಹರಡುವ ರೋಗಕ್ಕೆ ಇದಕ್ಕಿಂತ ಅನುಕೂಲದ ಜಾಗ ಬೇಕೇ? ಆ ಕೂಲಿ ಹುಡುಗನ ಸೂಜಿಯ ದುಡ್ಡು ಯಾರು ಕೊಡಬೇಕು ಅನ್ನುವ ಪ್ರಶ್ನೆಯೂ ನನಗೆ ಅಲ್ಲೇ ಹುಟ್ಟಿತು. ಅವನಿಗೆ ಕೆಮ್ಮು ಬಂದ ದಿನ ಸಂಬಳ ಕಡಿಯದೆ ರಜೆ ಕೊಡಿ ಅಂತ ಮಗನಿಗೆ ಹೇಳಿದೆ. ಅದಕ್ಕೆ ಅವನು ಹೂಂ ಅಂದ.

ಅಜ್ಜನ ಹೆಸರಿಗೆ ಚರ್ಚೆ ಇರಲಿಲ್ಲ. ವಯಸ್ಸು, ಶುಗರ್, ದಮ್ಮು, ಹಿಂದೆ ಒಮ್ಮೆ ಆಸ್ಪತ್ರೆ. ಮೊದಲ ಡೋಸು ಅವರದು.

ಎರಡನೆಯದು ಸೊಸೆಯದು. ಇದಕ್ಕೆ ಅವಳ ಅತ್ತೆಯೇ ಹೆದರಿದರು. "ಬಸರಿ ಹೆಂಗಸಿಗೆ ಬ್ಯಾರೆ ಸೂಜಿ ಯಾಕ್ರಿ?" ಬಸುರಿನಲ್ಲಿ ಫ್ಲೂ ಬಂದರೆ ಉಸಿರಾಟದ ತೊಂದರೆ ಬೇಗ ಜೋರಾಗುತ್ತದೆ, 2009ರ ಎಚ್1ಎನ್1 ಪಿಡುಗಿನಲ್ಲಿ ಬಸುರಿಯರು ಎಷ್ಟು ಕಷ್ಟಪಟ್ಟರು ಅನ್ನುವುದನ್ನು ಜಗತ್ತೇ ನೋಡಿದೆ. ಇದು ಸತ್ತ ವೈರಸ್ಸಿನ ಲಸಿಕೆಯಾದ್ದರಿಂದ ಯಾವ ತಿಂಗಳಲ್ಲಾದರೂ ಕೊಡಬಹುದು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅವಳನ್ನು ನೋಡುತ್ತಿದ್ದ ಹೆರಿಗೆ ಡಾಕ್ಟರೂ ಒಪ್ಪಿದರು.

ಇದರಲ್ಲಿ ಇನ್ನೊಂದು ಲಾಭ ಇದೆ. ಹುಟ್ಟಿದ ಮಗುವಿಗೆ ಆರು ತಿಂಗಳು ತುಂಬುವ ತನಕ ಫ್ಲೂ ಲಸಿಕೆ ಹಾಕುವಂತಿಲ್ಲ. ಆ ಆರು ತಿಂಗಳೇ ಎಲ್ಲಕ್ಕಿಂತ ಅಪಾಯದವು. ತಾಯಿಗೆ ಹಾಕಿದರೆ ಅವಳ ರಕ್ತದಿಂದ ಕಾವಲು ಮಗುವಿಗೂ ಹೋಗುತ್ತದೆ. ಸೊಸೆ ಹೆರಿಗೆಗೆ ಬೈಲಹೊಂಗಲದ ತವರುಮನೆಗೆ ಹೋಗುವವಳಿದ್ದಳು. ಮಗು ಹುಟ್ಟುವುದು ಜುಲೈಯಲ್ಲಿ, ಸರಿಯಾಗಿ ಫ್ಲೂ ಏರುವ ಹೊತ್ತಿಗೆ. ಅಲ್ಲಿ ಬಾಣಂತಿಯನ್ನು ನೋಡಲು ಬರುವ ಎಲ್ಲರಿಗೂ ಸೂಜಿ ಮಾಡಿಸಲು ಆಗುತ್ತದೆಯೇ? ಒಂದು ಡೋಸಿನಲ್ಲಿ ಎರಡು ಜೀವಕ್ಕೆ ಕಾವಲು ಸಿಗುವುದು ಇಲ್ಲಿ ಮಾತ್ರ. ಇದು ಹೇಳಿದ ಮೇಲೆ ಅತ್ತೆಯೇ "ಹಂಗಾರ ಆಕಿಗೆ ಮೊದಲ ಮಾಡ್ರಿ" ಅಂದರು.

ಮೂರನೆಯದಕ್ಕೆ ಬಂದಾಗ ತೊಡಕು ಶುರು. ಮೂವರು ಉಳಿದಿದ್ದರು.

ಮೊಮ್ಮಗ ಅಂತ ನಾನು ಹೇಳಿದೆ. ಆರು ತಿಂಗಳಿಂದ ಐದು ವರ್ಷದವರೆಗಿನ ಮಕ್ಕಳಿಗೆ ವರ್ಷಕ್ಕೊಮ್ಮೆ ಕೊಡಿ ಅಂತ ಭಾರತದ ಮಕ್ಕಳ ವೈದ್ಯರ ಅಕಾಡೆಮಿಯೇ ಹೇಳುತ್ತದೆ. ಅಂಗನವಾಡಿಯಿಂದ ಮನೆಗೆ ವೈರಸ್ಸು ತರುವವನೂ, ಅಜ್ಜನ ತೊಡೆಯ ಮೇಲೆ ಕೂರುವವನೂ ಅವನೇ. ಆದರೆ ಒಂಬತ್ತು ವರ್ಷದೊಳಗಿನ ಮಕ್ಕಳಿಗೆ ಮೊದಲ ಸಲ ಹಾಕಿಸುವಾಗ ನಾಲ್ಕು ವಾರದ ಅಂತರದಲ್ಲಿ ಎರಡು ಡೋಸು ಬೇಕು. ಅಂದರೆ 3,600. ಲೆಕ್ಕ ಮೀರಿತು. ನ್ಯುಮೋನಿಯಾ ತರುವ ಒಂದು ಬ್ಯಾಕ್ಟೀರಿಯಾ ತಡೆಯುವ ನ್ಯುಮೋಕಾಕಲ್ ಲಸಿಕೆ ಅವನಿಗೆ ಆಗಲೇ ಪುಕ್ಕಟೆ ಆಗಿತ್ತು. 2021ರಿಂದ ಅದು ಇಡೀ ದೇಶದಲ್ಲಿ ಸರ್ಕಾರಿ ಪಟ್ಟಿಯಲ್ಲಿದೆ. ಅಷ್ಟು ಸಮಾಧಾನ.

ಮಗ ತನ್ನ ಹೆಸರು ಹೇಳಿಕೊಂಡ. ವಾರದಲ್ಲಿ ಎರಡು ದಿನ ತುಂಬಿದ ಬಸ್ಸಿನಲ್ಲಿ ಪ್ರಯಾಣ, ಹತ್ತು ಅಂಗಡಿ ಹತ್ತುತ್ತಾನೆ. ಅವನು ಒಂದು ವಾರ ಮಲಗಿದರೆ ನಾಲ್ಕೂ ಮಗ್ಗ ನಿಲ್ಲುತ್ತವೆ, ಕಂತು ನಿಲ್ಲುತ್ತದೆ. ಅವನ ವಯಸ್ಸಿನವರಿಗೆ ಫ್ಲೂ ಸಾಮಾನ್ಯವಾಗಿ ಪ್ರಾಣಕ್ಕೆ ಬರುವುದಿಲ್ಲ, ಆದರೆ ಅವನ ವಾದವನ್ನು ತಳ್ಳಿಹಾಕಲು ನನಗೆ ಮನಸ್ಸು ಬರಲಿಲ್ಲ. ದುಡಿಯುವವನ ಒಂದು ವಾರ ಅಂದರೆ ಎಷ್ಟು ಅನ್ನುವುದು ದುಡಿಯುವ ಮನೆಯವರಿಗೇ ಗೊತ್ತು.

ಅಜ್ಜಿಯ ಹೆಸರನ್ನು ಯಾರೂ ಎತ್ತಲಿಲ್ಲ. ನಾನೇ ಎತ್ತಿದೆ. ಅವರು ರೊಟ್ಟಿ ಬಡಿಯುತ್ತಿದ್ದವರು ತಿರುಗಿಯೂ ನೋಡದೆ ಅಂದರು: "ನನಗೇನ ಆಗೇತ್ರಿ? ಹುಡುಗಗ ಮಾಡಸ್ರಿ."

ಈ ಮಾತು ಕೇಳಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ. ನಮ್ಮ ಕಡೆ ಮನೆಯ ಹಿರಿಯ ಹೆಂಗಸು ತನ್ನ ಹೆಸರನ್ನು ತಾನೇ ಹೊಡೆದುಹಾಕುತ್ತಾಳೆ, ಉಳಿದವರು ಅದನ್ನು ಅವಳ ದೊಡ್ಡತನ ಅಂದುಕೊಂಡು ಮುಂದೆ ಹೋಗುತ್ತಾರೆ. ಪುಸ್ತಕದ ಪ್ರಕಾರ ಬಿಪಿ ಒಂದರಿಂದಲೇ ಅವರು ಪಟ್ಟಿಯಲ್ಲಿ ಮೇಲೆ ಬರುವುದಿಲ್ಲ, 65 ಕೂಡ ಆಗಿರಲಿಲ್ಲ, ನಿಜ. ಆದರೆ ಅಜ್ಜನ ಪಕ್ಕ ಮಲಗುವವರು ಅವರು, ರಾತ್ರಿ ಕೆಮ್ಮು ಬಂದರೆ ಬೆನ್ನು ಉಜ್ಜುವವರು ಅವರು. ಸೊಸೆ ತವರಿಗೆ ಹೋದ ಮೇಲೆ ಮೊಮ್ಮಗ, ಒಲೆ, ನೀರು ಎಲ್ಲ ಅವರದೇ. ನನ್ನನ್ನು ಕೇಳಿದರೆ, ಮೊಮ್ಮಗನ ಎರಡು ಡೋಸಿಗೆ ದುಡ್ಡು ಸಾಲದು ಅಂದ ಮೇಲೆ ಮೂರನೆಯ ಡೋಸು ಅಜ್ಜಿಯದೇ ಆಗಬೇಕಿತ್ತು. ಹಾಗೆಯೇ ಹೇಳಿದೆ. ಡಾಕ್ಟರು ನನಗಿಂತ ಮೃದುವಾಗಿ, ಮನೆಯವರೇ ಕೂತು ತೀರ್ಮಾನ ಮಾಡಲಿ ಅಂದರು.

ಮನೆಯವರ ತೀರ್ಮಾನ: ಅಜ್ಜ, ಸೊಸೆ, ಮಗ. ಮೊಮ್ಮಗನಿಗೆ ಜೂನ್ ಮತ್ತು ಜುಲೈಯಲ್ಲಿ, ಬಟವಾಡೆ ಬಂದ ಮೇಲೆ ಒಂದೊಂದು. ಅಜ್ಜಿಗೆ ಬೇಡ.

ಸೂಜಿ ಮಾಡಿಸಿದ ದಿನ

ದುಡ್ಡು ಉಳಿಸಲು ಮಗ ಒಂದು ಉಪಾಯ ಮಾಡಿದ್ದ. ಪರಿಚಯದ ಮೆಡಿಕಲ್ ಶಾಪಿನಲ್ಲಿ ಇನ್ನೂರು ಕಡಿಮೆಗೆ ಸಿಗುತ್ತದೆ, ಅಲ್ಲಿಂದ ತಂದುಕೊಡುತ್ತೇನೆ, ನೀವು ಸೂಜಿ ಮಾತ್ರ ಚುಚ್ಚಿ ಅಂದ. ಇನ್ನೂರು ರೂಪಾಯಿ ಸಣ್ಣದಲ್ಲ. ಆದರೆ ಈ ಲಸಿಕೆ 2ರಿಂದ 8 ಡಿಗ್ರಿ ತಂಪಿನಲ್ಲೇ ಇರಬೇಕು. ಮೇ ತಿಂಗಳ ಬಿಸಿಲಿನಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ, ಬೈಕಿನ ಹ್ಯಾಂಡಲ್ಲಿಗೆ ನೇತುಹಾಕಿಕೊಂಡು ತಂದರೆ ಒಳಗಿರುವುದು ಬರೀ ನೀರಾಗಬಹುದು. ಐಸಿಗೆ ನೇರ ತಾಗಿ ಗಡ್ಡೆ ಕಟ್ಟಿದರೂ ಕೆಟ್ಟಿತು. ನೋಡಿದರೆ ಗೊತ್ತಾಗುವುದಿಲ್ಲ, ಹಳೆಯದೂ ಹೊಸದೂ ಒಂದೇ ಥರ ಕಾಣುತ್ತದೆ. ನಮ್ಮ ಫ್ರಿಜ್ಜಿನ ಬಾಗಿಲಿಗೆ ಕಟ್ಟಿದ ಪುಸ್ತಕದಲ್ಲಿ ಬೆಳಗ್ಗೆ ಸಂಜೆ ಡಿಗ್ರಿ ಬರೆಯುತ್ತೇವೆ. ಗಾಳಿಮಳೆಗೆ ಕರೆಂಟು ಹೋದ ದಿನ ಎಷ್ಟು ಹೊತ್ತು ಹೋಗಿತ್ತು ಅಂತಲೂ ಬರೆಯುತ್ತೇವೆ. ಆ ಪುಸ್ತಕ ತೋರಿಸಿದೆ. ಅವನು ಹಿಂದಿನ ವಾರದ ಪುಟ ತಿರುಗಿಸಿ, ಒಂದು ಮಧ್ಯಾಹ್ನ 7 ಡಿಗ್ರಿ ಇದ್ದದ್ದನ್ನು ಬೆರಳಿಟ್ಟು ಕೇಳಿದ. 8 ದಾಟಿಲ್ಲ ಅಂದೆ. ಹೀಗೆ ಕೇಳುವ ಗಿರಾಕಿಗಳು ಜಾಸ್ತಿ ಆಗಲಿ.

ಅಜ್ಜ, ಸೊಸೆ, ಮಗ ಮೂವರಿಗೂ ಎಡತೋಳಿಗೆ. ಅರ್ಧ ಗಂಟೆ ಕೂರಿಸಿದೆವು. ಸೊಸೆಗೆ ಮಾರನೆಯ ದಿನ ತೋಳು ನೋವು, ಅಜ್ಜನಿಗೆ ಒಂದು ರಾತ್ರಿ ಮೈ ಬಿಸಿ. ಅಷ್ಟೇ.

ಅಜ್ಜನಿಗೆ ನ್ಯುಮೋಕಾಕಲ್ ಲಸಿಕೆಯೂ ಬೇಕು ಅಂತ ಡಾಕ್ಟರು ಬರೆದಿದ್ದರು. ಫ್ಲೂ ಬಂದು ಹೋದ ಶ್ವಾಸಕೋಶದ ಮೇಲೆ ಬ್ಯಾಕ್ಟೀರಿಯಾ ಬಂದು ಕೂರುವುದರಿಂದಲೇ ಹಲವರಿಗೆ ನ್ಯುಮೋನಿಯಾ ಆಗುವುದು. ಅದು ಫ್ಲೂ ಲಸಿಕೆಗಿಂತ ದುಬಾರಿ, ಆದರೆ ವರ್ಷ ವರ್ಷ ಬೇಕಾಗಿಲ್ಲ. ದೀಪಾವಳಿ ಸೀರೆ ವ್ಯಾಪಾರ ಆದ ಮೇಲೆ ಅಂತ ಮುಂದಕ್ಕೆ ಹಾಕಿದರು.

ದುಡ್ಡು ಖರ್ಚಿಲ್ಲದ ಒಂದು ಒಪ್ಪಂದವೂ ಅವತ್ತೇ ಆಯಿತು. ಅಜ್ಜನಿಗೆ ಜ್ವರ ಬಂದರೆ ಮೆಡಿಕಲ್ ಶಾಪಿನ ಗುಳಿಗೆ ನುಂಗಿ ನಾಲ್ಕು ದಿನ ಕಾಯುವಂತಿಲ್ಲ. ಮೊದಲ ಎರಡು ದಿನದೊಳಗೆ ಬರಬೇಕು. ಫ್ಲೂಗೆ ಕೊಡುವ ಒಸೆಲ್ಟಾಮಿವಿರ್ ಅನ್ನುವ ಔಷಧ 48 ಗಂಟೆಯೊಳಗೆ ಶುರುವಾದರೆ ಚೆನ್ನಾಗಿ ಕೆಲಸ ಮಾಡುತ್ತದೆ. ಈ ಒಂದು ಮಾತನ್ನು ಅಜ್ಜಿಗೆ ಎರಡು ಸಲ ಹೇಳಿದೆ. ಜ್ವರ ಮೊದಲು ಗೊತ್ತಾಗುವುದು ಅವರ ಕೈಗೇ ಅಲ್ವಾ?

ಆಮೇಲೆ

ಸೊಸೆಗೆ ಜುಲೈಯಲ್ಲಿ ಬೈಲಹೊಂಗಲದಲ್ಲಿ ಹೆಣ್ಣು ಮಗು ಆಯಿತು. ತಾಯಿ ಮಗು ಮಳೆಗಾಲ ಸುಖವಾಗಿ ಕಳೆದರು.

ಅಜ್ಜನಿಗೆ ಆಗಸ್ಟ್‌ನಲ್ಲಿ ಜ್ವರ ಬಂತು. ಎರಡನೆಯ ದಿನ ಬೆಳಗ್ಗೆಯೇ ಅಜ್ಜಿ ಕರೆದುಕೊಂಡು ಬಂದರು. ಮೂಗಿನ ರ್‍ಯಾಪಿಡ್ ಟೆಸ್ಟ್ ನೆಗೆಟಿವ್. ಆ ಟೆಸ್ಟು ನಿಜವಾದ ಫ್ಲೂವನ್ನೂ ಎಷ್ಟೋ ಸಲ ತಪ್ಪಿಸುತ್ತದೆ, ಹಾಗಾಗಿ ಡಾಕ್ಟರು ಅವರ ದಮ್ಮು, ಶುಗರ್ ನೋಡಿ ಔಷಧ ಶುರುಮಾಡಿಯೇ ಬಿಟ್ಟರು. ಆಕ್ಸಿಜನ್ ಇಳಿಯಲಿಲ್ಲ. ಒಂದು ವಾರದಲ್ಲಿ ಎದ್ದು ಓಡಾಡಿದರು, ಆಸ್ಪತ್ರೆ ಮುಟ್ಟಲಿಲ್ಲ. ಮಗ ಎಲ್ಲರಿಗೂ ಸೂಜಿಯಿಂದಲೇ ಉಳಿದರು ಅಂತ ಹೇಳುತ್ತಾನೆ. ನಾನು ಹಾಗೆ ಹೇಳಲಾರೆ. ಅದು ಫ್ಲೂ ಆಗಿತ್ತೋ ಇಲ್ಲವೋ, ಲಸಿಕೆ ಹಗುರ ಮಾಡಿತೋ, ಬೇಗ ಬಂದದ್ದು ಉಳಿಸಿತೋ, ಒಬ್ಬ ಮನುಷ್ಯನಲ್ಲಿ ಬೇರ್ಪಡಿಸಲು ಆಗುವುದಿಲ್ಲ. ಲಸಿಕೆ ಕೆಲಸ ಮಾಡುತ್ತದೆ ಅನ್ನುವುದು ಸಾವಿರಾರು ಜನರನ್ನು ಹೋಲಿಸಿದಾಗ ಕಾಣುವ ಮಾತು.

ಮೊಮ್ಮಗನಿಗೆ ಜೂನ್ ಡೋಸು ಆಯಿತು. ಎರಡನೆಯದಕ್ಕೆ ಜುಲೈಯಲ್ಲಿ ದುಡ್ಡು ಹೊಂದಲಿಲ್ಲ, ಹೆರಿಗೆ ಖರ್ಚು ಬಂದಿತ್ತು. ಆಗಸ್ಟ್ ಮಧ್ಯದಲ್ಲಿ ಹಾಕಿಸಿದರು. ತಡವಾದರೂ ಹಾಕಿಸುವುದೇ ಸರಿ, ಮತ್ತೆ ಮೊದಲಿಂದ ಶುರುಮಾಡಬೇಕಾಗಿಲ್ಲ.

ಸೆಪ್ಟೆಂಬರ್‌ನಲ್ಲಿ, ಗಣಪತಿ ಕಳಿಸಿದ ವಾರ, ಅಜ್ಜಿ ಮಲಗಿದರು. 103 ಡಿಗ್ರಿ ಜ್ವರ, ಹತ್ತು ದಿನ ಕೆಮ್ಮು. ಪ್ರಾಣಕ್ಕೇನೂ ಆಗಲಿಲ್ಲ. ಆದರೆ ಸೊಸೆ ತವರಿನಲ್ಲಿ, ಅಜ್ಜ ದಮ್ಮಿನವರು. ಮಗ ಮಗ್ಗ ಬಿಟ್ಟು ಒಲೆ ಮುಂದೆ ನಿಂತ. ಪಕ್ಕದ ಮನೆಯಿಂದ ರೊಟ್ಟಿ ಬಂತು. ಮೊಮ್ಮಗನನ್ನು ಅವನ ಸೋದರತ್ತೆಯ ಮನೆಗೆ ಕಳಿಸಿದರು. ಅಜ್ಜನನ್ನು ಬೇರೆ ಕೋಣೆಯಲ್ಲಿ ಮಲಗಿಸಬೇಕಾಯಿತು. ಎರಡು ಮಗ್ಗ ಆ ಹತ್ತು ದಿನ ನಿಂತೇ ಇದ್ದವು. ತಾನು ಮಲಗಿದರೆ ಮಗ್ಗ ನಿಲ್ಲುತ್ತದೆ ಅಂತ ಮೇ ತಿಂಗಳಲ್ಲಿ ಲೆಕ್ಕ ಹೇಳಿದ್ದ ಮಗ, ಅವ್ವ ಮಲಗಿದರೂ ನಿಲ್ಲುತ್ತದೆ ಅನ್ನುವುದನ್ನು ನೋಡಿದ. ಅವರಿಗೆ ಬಂದದ್ದು ಫ್ಲೂವೇ ಅಂತ ಪರೀಕ್ಷೆ ಮಾಡಿಸಿಲ್ಲ, ಸೂಜಿ ಮಾಡಿಸಿದ್ದರೆ ತಪ್ಪುತ್ತಿತ್ತು ಅಂತ ಹೇಳಲೂ ಆಗದು. ನನ್ನ ತಕರಾರು ಅದರ ಬಗ್ಗೆ ಅಲ್ಲ. ಲೆಕ್ಕ ಹಾಕುವಾಗ ಅವರ ಹೆಸರನ್ನು ಎಣಿಸಲೇ ಇಲ್ಲವಲ್ಲ ಅನ್ನುವುದರ ಬಗ್ಗೆ.

2026ರ ಮೇ ತಿಂಗಳ ಪಟ್ಟಿ ಬೇರೆ. ಸೊಸೆ ಈಗ ಬಸುರಿ ಅಲ್ಲ, ಅವಳ ಸರದಿ ಕೆಳಗೆ ಬಂದಿದೆ. ಮಗುವಿಗೆ ಹತ್ತು ತಿಂಗಳಾಗಿರುತ್ತದೆ, ಮೊದಲ ಸಲವಾದ್ದರಿಂದ ಎರಡು ಡೋಸು. ಮೊಮ್ಮಗನಿಗೆ ಇನ್ನು ವರ್ಷಕ್ಕೆ ಒಂದೇ ಸಾಕು. ಅಜ್ಜನಿಗೆ ಒಂದು, ಅಜ್ಜಿಗೆ ಒಂದು. ಒಟ್ಟು ಐದು ಡೋಸು, 2025ರ ದರದಲ್ಲಿ 9,000. ಮಗ ಈ ವರ್ಷ ತನ್ನದನ್ನು ಬಿಡುತ್ತೇನೆ ಅಂದಿದ್ದಾನೆ. ಮಗ್ಗದ ಗಲ್ಲೆಯ ಪಕ್ಕದ ಡಬ್ಬಿಯಲ್ಲಿ ದೀಪಾವಳಿಯಿಂದ ವಾರಕ್ಕೆ ಮುನ್ನೂರು ರೂಪಾಯಿ ಹಾಕುತ್ತಿದ್ದಾರೆ. ಅಜ್ಜನ ನ್ಯುಮೋಕಾಕಲ್ ಲಸಿಕೆ ನವೆಂಬರ್‌ನಲ್ಲಿ ಮುಗಿಯಿತು. ಅಜ್ಜಿ ಮೊನ್ನೆ ಬಿಪಿ ತೋರಿಸಲು ಬಂದಾಗ, ಹೊಸ ಡಬ್ಬಿ ಯಾವಾಗ ಬರುತ್ತದೆ ಅಂತ ತಾವೇ ಕೇಳಿದರು. ಏಪ್ರಿಲ್ ಕೊನೆಗೆ ಫೋನ್ ಮಾಡುತ್ತೇನೆ ಅಂತ ಹೇಳಿ ನಂಬರು ಬರೆದುಕೊಂಡಿದ್ದೇನೆ.